ಮತಗಟ್ಟೆಗೆ ಬಂದವರು, ಬಾರದೆ ಉಳಿದವರು

ಚುನಾವಣೆಯ ದಿನ ಸಂಜೆ ಮತಗಟ್ಟೆಗಳ ಬಾಗಿಲು ಮುಚ್ಚುತ್ತಲೇ ಹಳ್ಳಿಯ ಅರಳೀಕಟ್ಟೆಯಿಂದ ರಾಜಧಾನಿಯ ಪಕ್ಷದ ಕಚೇರಿಯವರೆಗೆ ಎಲ್ಲ ಕಡೆಯೂ ಕೇಳಿಬರುವ ಮೊದಲ ಪ್ರಶ್ನೆ ಒಂದೇ: “ಶೇಕಡ ಎಷ್ಟಾಯಿತು?” ಗೆಲುವು ಯಾರದೆಂಬುದು ಆಗ ಇನ್ನೂ ಮುದ್ರೆಯೊಳಗೆ ಅಡಗಿರುತ್ತದೆ. ಆದರೂ ಆ ಒಂದು ಅಂಕಿಯನ್ನು ಹಿಡಿದು ಭವಿಷ್ಯ ನುಡಿಯುವವರಿಗೆ ಕೊರತೆಯಿಲ್ಲ. ಮತದಾನ ಏರಿತೆಂದರೆ ಜನ ಸಿಟ್ಟಾಗಿದ್ದಾರೆ, ಸರಕಾರ ಉರುಳುವುದು ಖಂಡಿತ. ಇಳಿಯಿತೆಂದರೆ ಜನ ತೃಪ್ತರಾಗಿದ್ದಾರೆ, ಸರಕಾರ ಉಳಿಯುವುದು ನಿಶ್ಚಯ. ಬಹುಕಾಲದಿಂದ ಚಲಾವಣೆಯಲ್ಲಿರುವ ಸೂತ್ರ ಇದು.

ಸೂತ್ರವೇನೋ ಸರಳವಾಗಿದೆ, ಆದರೆ ಇತಿಹಾಸ ಅದರ ಪರವಾಗಿ ಸಾಕ್ಷಿ ನುಡಿಯುವುದಿಲ್ಲ. 1951–52ರಿಂದ 2024ರವರೆಗೆ ಭಾರತದಲ್ಲಿ 18 ಮಹಾಚುನಾವಣೆಗಳು ನಡೆದಿವೆ. ಮತದಾನ ಏರಿದಾಗ ಸರಕಾರ ಉರುಳಿದ್ದೂ ಉಂಟು, ಹಿಂದೆಂದಿಗಿಂತ ಭದ್ರವಾದದ್ದೂ ಉಂಟು. ಹಾಗಾದರೆ ಮತದಾರರ ಬರುವಿಕೆಗೂ ರಾಷ್ಟ್ರದ ತೀರ್ಪಿಗೂ ಸಂಬಂಧವೇ ಇಲ್ಲವೇ? ಇದೆ, ಅದೂ ಬಲು ಗಾಢವಾದ ಸಂಬಂಧ. ಆದರೆ ಅದು ಶೇಕಡಾವಾರಿನಲ್ಲಿ ಇಲ್ಲ. ಕಣದಲ್ಲಿ ರಾಶಿ ಎಷ್ಟಾಯಿತೆಂದು ಅಳೆದರೆ ಸಾಲದು; ಯಾವ ಹೊಲದ ತೆನೆ ಕಣಕ್ಕೆ ಬಂತು, ಯಾವುದು ಹೊಲದಲ್ಲಿಯೇ ಉಳಿಯಿತು ಎಂಬುದನ್ನೂ ನೋಡಬೇಕು. ಇದನ್ನು ತಿಳಿಯಲು 1971, 1977 ಮತ್ತು 1980ರ ಚುನಾವಣೆಗಳನ್ನು ಒಟ್ಟಿಗೆ ಇಟ್ಟು ನೋಡುವುದಕ್ಕಿಂತ ಉತ್ತಮವಾದ ದಾರಿ ಬೇರೊಂದಿಲ್ಲ.

ಇಳಿದ ಮತದಾನ, ಏರಿದ ಗೆಲುವು

1967ರವರೆಗೆ ಲೋಕಸಭೆಗೂ ರಾಜ್ಯಗಳ ಶಾಸನಸಭೆಗಳಿಗೂ ಬಹುತೇಕ ಒಟ್ಟಿಗೇ ಚುನಾವಣೆ ನಡೆಯುತ್ತಿತ್ತು. ಆ ವರ್ಷ ದೇಶದ ನೂರು ಮಂದಿ ಮತದಾರರಲ್ಲಿ 61 ಮಂದಿ ಮತ ಹಾಕಿದರು. 1970ರ ಡಿಸೆಂಬರಿನಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ಅವಧಿಗೆ ಒಂದು ವರ್ಷ ಮುಂಚೆಯೇ ಲೋಕಸಭೆಯನ್ನು ವಿಸರ್ಜಿಸಿದರು. ಪರಿಣಾಮವಾಗಿ 1971ರಲ್ಲಿ ಹೆಚ್ಚಿನ ರಾಜ್ಯಗಳ ಮತದಾರರು ಲೋಕಸಭೆಯೊಂದಕ್ಕಾಗಿಯೇ ಮತಗಟ್ಟೆಗೆ ಹೋಗಬೇಕಾಯಿತು. ಮತದಾನ ಶೇಕಡ 55ಕ್ಕೆ ಇಳಿಯಿತು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಶಾಸನಸಭೆಗೆ ನಿಲ್ಲುವವನು ಊರಿಗೆ ಹತ್ತಿರದವನು. ಕೆರೆಯ ಏರಿ, ಶಾಲೆಯ ಕಟ್ಟಡ, ತಾಲ್ಲೂಕು ಕಚೇರಿಯ ಕೆಲಸ ಎಂದು ಜನ ಅವನನ್ನೇ ಹಿಡಿಯುತ್ತಾರೆ. ಅವನ ಪರವಾಗಿ ಮನೆ ಮನೆಗೆ ತಿರುಗುವ ಕಾರ್ಯಕರ್ತರು ಹೆಚ್ಚು, ಗಾಡಿ ಕಟ್ಟುವವರು ಹೆಚ್ಚು. ದೆಹಲಿಗೆ ಹೋಗುವವನಿಗಾಗಿ ಅಷ್ಟು ಓಡಾಟ ನಡೆಯುವುದಿಲ್ಲ. ಹೀಗೆ ಮತದಾನದ ಏರಿಳಿತಕ್ಕೆ ಜನರ ಮನಸ್ಸಿಗಿಂತ ಚುನಾವಣೆಯ ಏರ್ಪಾಡೇ ಕಾರಣವಾಗುವುದೂ ಉಂಟು. ಆದರೆ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಮತದಾನ ಇಳಿದ ಆ ವರ್ಷವೇ ಕಾಂಗ್ರೆಸ್ಸು 283 ಸ್ಥಾನಗಳಿಂದ 352 ಸ್ಥಾನಗಳಿಗೆ ಏರಿತು. ಅಂದಿನ ಮೈಸೂರು ರಾಜ್ಯದ 27 ಸ್ಥಾನಗಳೂ ಅದಕ್ಕೇ ಸಂದವು.

ಒಂದು ವಿಚಿತ್ರವಾದ ಲೆಕ್ಕ

ಆಮೇಲೆ ಬಂದದ್ದು 1977. 1975ರ ಜೂನ್ 25ರಂದು ಘೋಷಿತವಾದ ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದಾಗಲೇ, ಜನವರಿ 18ರಂದು, ಪ್ರಧಾನಿಯವರು ಚುನಾವಣೆಯನ್ನು ಪ್ರಕಟಿಸಿದರು. ಸೆರೆಯಿಂದ ಹೊರಬಂದ ನಾಯಕರು ಕೆಲವೇ ದಿನಗಳಲ್ಲಿ ಜನತಾ ಪಕ್ಷದ ಹೆಸರಿನಲ್ಲಿ ಒಂದಾದರು. ಸಂಸ್ಥಾ ಕಾಂಗ್ರೆಸ್ಸು, ಜನಸಂಘ, ಭಾರತೀಯ ಲೋಕದಳ, ಸಮಾಜವಾದಿ ಪಕ್ಷ ಈ ನಾಲ್ಕೂ ಒಂದೇ ಗುರುತಿನಡಿ ಕಣಕ್ಕಿಳಿದವು. ಮಾರ್ಚ್ 16ರಿಂದ 20ರವರೆಗೆ ಮತದಾನ ನಡೆಯಿತು. ಶೇಕಡ 55ರಷ್ಟಿದ್ದ ಮತದಾನ ಶೇಕಡ 60ನ್ನು ದಾಟಿತು. ಕಾಂಗ್ರೆಸ್ಸು 154 ಸ್ಥಾನಗಳಿಗೆ ಕುಸಿಯಿತು. ಜನತಾ ಪಕ್ಷಕ್ಕೆ 295 ಸ್ಥಾನಗಳು ದೊರೆತವು. ರಾಯ್‌ಬರೇಲಿಯಲ್ಲಿ ಸ್ವತಃ ಇಂದಿರಾ ಗಾಂಧಿಯವರೇ ರಾಜನಾರಾಯಣ್ ಅವರಿಗೆ 55 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಸೋತರು.

ಇಷ್ಟು ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಗಮನಿಸದಿರುವುದು ಮುಂದಿನ ಲೆಕ್ಕ. 1971ರಲ್ಲಿ, ಆ ಮಹಾವಿಜಯದ ವರ್ಷ, ದೇಶಾದ್ಯಂತ ಕಾಂಗ್ರೆಸ್ಸಿಗೆ ಬಿದ್ದ ಮತಗಳು ಸುಮಾರು 6 ಕೋಟಿ 40 ಲಕ್ಷ. 1977ರಲ್ಲಿ, ಆ ಮಹಾಪತನದ ವರ್ಷ, ಅದಕ್ಕೆ ಬಿದ್ದ ಮತಗಳು ಸುಮಾರು 6 ಕೋಟಿ 52 ಲಕ್ಷ. ಅಂದರೆ ಸೋತ ವರ್ಷವೇ ಒಂದಿಷ್ಟು ಹೆಚ್ಚು! ಕಾಂಗ್ರೆಸ್ಸು ಈ ಸಲ ಹಿಂದಿಗಿಂತ ಹೆಚ್ಚು ಕ್ಷೇತ್ರಗಳಲ್ಲಿ ನಿಂತಿತ್ತೆಂಬುದು ನಿಜ. ಆದರೂ ಮತಗಳ ಒಟ್ಟು ಸಂಖ್ಯೆ ಕುಗ್ಗದೆಯೇ ಸ್ಥಾನಗಳು ಅರ್ಧಕ್ಕಿಂತ ಕಡಿಮೆಯಾದದ್ದು ಹೇಗೆ?

ಉತ್ತರದ ಒಂದು ಭಾಗ ಮತದಾರರ ಬರುವಿಕೆಯಲ್ಲಿದೆ. 1971ರಲ್ಲಿ ಮತ ಹಾಕಿದವರು ಸುಮಾರು 15 ಕೋಟಿ 15 ಲಕ್ಷ ಜನ. 1977ರಲ್ಲಿ ಸುಮಾರು 19 ಕೋಟಿ 43 ಲಕ್ಷ. ಜನಸಂಖ್ಯೆ ಬೆಳೆದದ್ದರಿಂದ ಪಟ್ಟಿಯೂ ಬೆಳೆದಿತ್ತೆಂಬುದನ್ನು ಕಳೆದರೂ, 1971ರ ಪ್ರಮಾಣದಲ್ಲಿ ಬರುತ್ತಿದ್ದವರಿಗಿಂತ ಸುಮಾರು 1 ಕೋಟಿ 67 ಲಕ್ಷ ಜನ ಹೆಚ್ಚಾಗಿ ಬಂದರು. ಕಾಂಗ್ರೆಸ್ಸಿನ ಪಾತ್ರೆಯಲ್ಲಿದ್ದ ನೀರು ಅಷ್ಟೇ ಇತ್ತು. ಪಕ್ಕದ ಪಾತ್ರೆ ತುಂಬಿ ಹರಿಯಿತು. ನೂರಕ್ಕೆ 43ರಷ್ಟಿದ್ದ ಕಾಂಗ್ರೆಸ್ಸಿನ ಪಾಲು ನೂರಕ್ಕೆ 34ಕ್ಕೆ ಇಳಿಯಿತು.

ಒಂದು ಕಾಲ್ಪನಿಕ ಊರಿನ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಸಾವಿರ ಮತದಾರರಿರುವ ಊರಿನಲ್ಲಿ 500 ಜನ ಮತ ಹಾಕಿದರು. ಆಳುವ ಪಕ್ಷಕ್ಕೆ 260, ವಿರೋಧಿಗಳಿಬ್ಬರಿಗೆ 140 ಮತ್ತು 100. ಮುಂದಿನ ಸಲ ವಿರೋಧಿಗಳಿಬ್ಬರೂ ಒಂದಾದರು. ಆದರೂ ಕೂಡಿಸಿದರೆ 240 ಮಾತ್ರ. ಒಗ್ಗಟ್ಟೊಂದರಿಂದಲೇ ಗೆಲುವಿಲ್ಲ. ಆದರೆ ಈವರೆಗೆ ಮನೆಯಲ್ಲಿ ಕುಳಿತಿದ್ದ ನೂರು ಮಂದಿ ಈ ಸಲ ಎದ್ದು ಬಂದು, ಅವರಲ್ಲಿ 70 ಜನ ವಿರೋಧಿಗೂ 30 ಜನ ಆಳುವ ಪಕ್ಷಕ್ಕೂ ಮತ ಹಾಕಿದರೆಂದುಕೊಳ್ಳಿ. ಆಳುವ ಪಕ್ಷದ ಮತ 290ಕ್ಕೆ ಏರುತ್ತದೆ; ವಿರೋಧಿಗೆ 310. ಹಳೆಯ ಮತದಾರರಲ್ಲಿ ಒಬ್ಬನೂ ಮನಸ್ಸು ಬದಲಿಸಲಿಲ್ಲ. ಆಳುವ ಪಕ್ಷದ ಮತಗಳೂ ಹೆಚ್ಚಿದವು. ಆದರೂ ಅದು ಸೋತಿತು. ಅದೇ ನೂರು ಮಂದಿ ಐವತ್ತು ಐವತ್ತಾಗಿ ಹಂಚಿಹೋಗಿದ್ದರೆ ಊರಿನ ಮತದಾನ ಅಷ್ಟೇ ಏರುತ್ತಿತ್ತು, ಫಲ ಮಾತ್ರ ಕದಲುತ್ತಿರಲಿಲ್ಲ. ಏರಿಕೆ ಒಂದೇ ಕಡೆಗೆ ವಾಲಿದಾಗ ಮಾತ್ರ ತಕ್ಕಡಿ ತೂಗುತ್ತದೆ.

ಅವರು ಏಕೆ ಬಂದರು?

1977ರ ಏರಿಕೆ ಎಲ್ಲೆಡೆ ಒಂದೇ ತೆರನಾಗಿರಲಿಲ್ಲ. ಉತ್ತರ ಪ್ರದೇಶದಲ್ಲಿ 1971ರಲ್ಲಿ ನೂರಕ್ಕೆ ಸುಮಾರು 46 ಮಂದಿ ಮತ ಹಾಕಿದ್ದರು. 1977ರಲ್ಲಿ ಸುಮಾರು 56 ಮಂದಿ. ಬಿಹಾರದಲ್ಲಿ 49 ಇದ್ದದ್ದು 61ರ ಸಮೀಪಕ್ಕೆ ಹೋಯಿತು. ಈ ಎರಡು ರಾಜ್ಯಗಳ 139 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಕ್ಕಲಿಲ್ಲ. ಪಂಜಾಬು, ಹರಿಯಾಣ, ದೆಹಲಿಗಳಲ್ಲೂ ಅದೇ ಶೂನ್ಯ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಕುಟುಂಬ ಯೋಜನೆಯ ಹೆಸರಿನಲ್ಲಿ 1976–77ರ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಶಾಲೆಯ ಉಪಾಧ್ಯಾಯರಿಗೂ ಸಣ್ಣಪುಟ್ಟ ಅಧಿಕಾರಿಗಳಿಗೂ ಇಂತಿಷ್ಟು ಜನರನ್ನು ತರಬೇಕೆಂಬ ಗುರಿ ವಿಧಿಸಲಾಗಿತ್ತು. ಗುರಿ ತಪ್ಪಿದವರ ಸಂಬಳಕ್ಕೆ ಕುತ್ತು ಬರುತ್ತಿತ್ತು. ಆ ಒತ್ತಾಯ ಕೊನೆಗೆ ಹಳ್ಳಿಯ ಬಡವನ ಮೈಮೇಲೆ ಬಂದು ಬಿದ್ದಿತು. ಮುಜಫ್ಫರ್‌ನಗರದಲ್ಲಿ ಪ್ರತಿಭಟಿಸಿದವರ ಮೇಲೆ ಗುಂಡು ಹಾರಿತು. ದೆಹಲಿಯ ತುರ್ಕಮಾನ್ ಗೇಟಿನ ಬಳಿ 1976ರ ಏಪ್ರಿಲಿನಲ್ಲಿ ಮನೆಗಳನ್ನು ಕೆಡವಲಾಯಿತು. ಅಲ್ಲಿಯೂ ಗುಂಡು ಹಾರಿತು. ಪತ್ರಿಕೆಗಳಿಗೆ ಬಾಯಿ ಕಟ್ಟಿದ್ದುದರಿಂದ ಈ ಸುದ್ದಿಗಳು ಕಿವಿಯಿಂದ ಕಿವಿಗೆ, ಸಂತೆಯಿಂದ ಸಂತೆಗೆ ಹರಡಿದವು. ರಾಜಕೀಯವೆಂದರೆ ದೂರದ ಮಾತೆಂದು ತಿಳಿದಿದ್ದ ಮನೆಗಳಿಗೂ ರಾಜ್ಯದ ಕೈ ಬಂದು ತಾಗಿತ್ತು. ಹಿಂದಿನ ಚುನಾವಣೆಯಲ್ಲಿ “ನಮಗೇಕೆ?” ಎಂದು ಮನೆಯಲ್ಲಿ ಕುಳಿತವನಿಗೆ ಈ ಸಲ ಮತಗಟ್ಟೆಗೆ ಹೋಗಲು ತನ್ನದೇ ಆದ ಕಾರಣವೊಂದಿತ್ತು.

ಸ್ತ್ರೀಯರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 1971ರಲ್ಲಿ ನೂರಕ್ಕೆ 49 ಮಂದಿ ಸ್ತ್ರೀಯರು ಮತ ಹಾಕಿದ್ದರು. 1977ರಲ್ಲಿ 55ರ ಸಮೀಪ. ಅದೇ ಅವಧಿಯಲ್ಲಿ ಪುರುಷರ ಪ್ರಮಾಣ 61ರಿಂದ 66ರ ಸಮೀಪಕ್ಕೆ ಏರಿತು. ಪುರುಷರಿಗಿಂತ ಸ್ತ್ರೀಯರ ಏರಿಕೆ ಒಂದು ಮೆಟ್ಟಿಲು ಹೆಚ್ಚಾಗಿಯೇ ಇತ್ತು.

ಕೋಪದ ಜೊತೆಗೆ ಭರವಸೆಯೂ ಬೇಕು. ಸೋಲುವುದು ನಿಶ್ಚಿತವೆಂದು ತೋರಿದ ಪಕ್ಷಕ್ಕಾಗಿ ಕೂಲಿಯ ದಿನವನ್ನು ಕಳೆದುಕೊಂಡು ಸಾಲಿನಲ್ಲಿ ನಿಲ್ಲುವವರು ಕಡಿಮೆ. ಫೆಬ್ರವರಿ 2ರಂದು ಜಗಜೀವನ ರಾಮ್ ಅವರು ಮಂತ್ರಿ ಪದವಿಯನ್ನೂ ಕಾಂಗ್ರೆಸ್ಸನ್ನೂ ತೊರೆದು ಹೊರಬಂದಾಗ ಆ ಭರವಸೆ ಹುಟ್ಟಿತು. ಅವರು ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಾತನಾಡಿದ ದಿನ ದೂರದರ್ಶನವು ‘ಬಾಬಿ’ ಎಂಬ ಜನಪ್ರಿಯ ಚಲನಚಿತ್ರವನ್ನು ತೋರಿಸಿತು. ಜನರನ್ನು ಮನೆಯಲ್ಲಿಯೇ ಹಿಡಿದಿಡುವ ಹಂಚಿಕೆ ಇದೆಂದು ವಿರೋಧಿಗಳು ಆಡಿಕೊಂಡರು. ಮೈದಾನ ಮಾತ್ರ ಕಿಕ್ಕಿರಿದು ತುಂಬಿತ್ತು.

ಉತ್ತರದಲ್ಲಿ ಹೊಸಬರ ಬರುವಿಕೆಯೊಂದೇ ಕಾಂಗ್ರೆಸ್ಸನ್ನು ಸೋಲಿಸಿತೆಂದರೆ ಅದೂ ಅರ್ಧ ಸತ್ಯವಾದೀತು. ಉತ್ತರ ಪ್ರದೇಶದಲ್ಲಿ ನೂರಕ್ಕೆ 48ರಷ್ಟಿದ್ದ ಅದರ ಪಾಲು 25ಕ್ಕೆ ಇಳಿಯಿತು. ಹಳೆಯ ಬೆಂಬಲಿಗರೂ ದೊಡ್ಡ ಪ್ರಮಾಣದಲ್ಲಿ ಕೈಬಿಟ್ಟಿದ್ದರು. ಮನಸ್ಸು ಬದಲಿಸಿದವರು, ಒಂದಾದ ವಿರೋಧಿಗಳು, ಹೊಸದಾಗಿ ಎದ್ದು ಬಂದವರು—ಈ ಮೂರು ಹೊಳೆಗಳು ಕೂಡಿದ ಸಂಗಮದಲ್ಲಿ ಒಂದು ಸರಕಾರ ಕೊಚ್ಚಿಹೋಯಿತು.

ದಕ್ಷಿಣದ ಮಾರುತ್ತರ

ಮತದಾನದ ಏರಿಕೆಯೆಂದರೆ ಆಳುವವರ ಮೇಲಿನ ಕೋಪ ಎನ್ನುವವರಿಗೆ ದಕ್ಷಿಣ ಭಾರತ ಅದೇ ವರ್ಷ ತಕ್ಕ ಉತ್ತರ ಕೊಟ್ಟಿತು. ಕರ್ನಾಟಕದಲ್ಲಿ ನೂರಕ್ಕೆ 57ರಷ್ಟಿದ್ದ ಮತದಾನ 63ಕ್ಕೆ ಏರಿತು. ದೇಶದ ಸರಾಸರಿ ಏರಿಕೆಗೆ ಇದೇನೂ ಕಡಿಮೆಯಲ್ಲ. ಆದರೆ ಇಲ್ಲಿನ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಬೆಂಗಳೂರು ದಕ್ಷಿಣದಲ್ಲಿ ಗೆದ್ದ ಕೆ. ಎಸ್. ಹೆಗ್ಡೆಯವರು, ಮುಂದೆ ಲೋಕಸಭೆಯ ಸಭಾಧ್ಯಕ್ಷರಾದವರು, ಜನತಾ ಪಕ್ಷದ ಇಬ್ಬರಲ್ಲಿ ಒಬ್ಬರು. ಕನ್ನಡ ನಾಡಿಗೆ ತುರ್ತು ಪರಿಸ್ಥಿತಿಯ ಬಿಸಿ ತಟ್ಟಲೇ ಇಲ್ಲವೆಂದಲ್ಲ. ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರಂಥವರು ಬಂಧಿತರಾದದ್ದು ಬೆಂಗಳೂರಿನಲ್ಲಿಯೇ. ಆದರೆ ಉತ್ತರದ ಹಳ್ಳಿಗಳನ್ನು ನಡುಗಿಸಿದ ಬಲಾತ್ಕಾರ ಇಲ್ಲಿ ಆ ಪ್ರಮಾಣದಲ್ಲಿ ನಡೆಯಲಿಲ್ಲ. ಅದಕ್ಕೆ ಬದಲಾಗಿ ದೇವರಾಜ ಅರಸರ ಸರಕಾರದ ಭೂಸುಧಾರಣೆಯ ಕಾನೂನು ಗೇಣಿದಾರನ ಮನೆಯ ಬಾಗಿಲಿಗೆ ಬಂದಿತ್ತು. ಇಲ್ಲಿಯೂ ರಾಜ್ಯದ ಕೈ ಬಡವನನ್ನು ತಾಗಿತ್ತು. ಆದರೆ ಬೇರೆಯ ರೀತಿಯಲ್ಲಿ. ಮತಗಟ್ಟೆಗೆ ಹೊಸದಾಗಿ ಬರಲು ಇಲ್ಲಿನವನಿಗೂ ಕಾರಣವಿತ್ತು, ಆದರೆ ಅದು ಉತ್ತರದವನ ಕಾರಣವಾಗಿರಲಿಲ್ಲ.

ಕೇರಳದ ನಿದರ್ಶನ ಇನ್ನೂ ಸ್ವಾರಸ್ಯವಾದುದು. ಅಲ್ಲಿ ಮತದಾನ ನೂರಕ್ಕೆ 79ಕ್ಕೆ ನೆಗೆಯಿತು. ಶಾಸನಸಭೆಯ ಚುನಾವಣೆಯೂ ಜೊತೆಗೇ ನಡೆದದ್ದು ಅದಕ್ಕೆ ದೊಡ್ಡ ಕಾರಣ. ಅಲ್ಲಿನ 20 ಸ್ಥಾನಗಳನ್ನೂ ಕಾಂಗ್ರೆಸ್ಸು ಮತ್ತು ಅದರ ಮಿತ್ರಪಕ್ಷಗಳೇ ಗೆದ್ದವು. ಆಂಧ್ರ ಪ್ರದೇಶದಲ್ಲಿ 42ರಲ್ಲಿ 41 ಸ್ಥಾನ ಕಾಂಗ್ರೆಸ್ಸಿಗೆ. ದೇಶ ಒಂದೇ, ವರ್ಷ ಒಂದೇ, ಏರಿಕೆಯೂ ಉಂಟು. ಫಲ ಮಾತ್ರ ಉತ್ತರದಕ್ಷಿಣ.

ಬಾರದೆ ಉಳಿದವರ ತೀರ್ಪು

ಕಥೆ ಇಲ್ಲಿಗೆ ಮುಗಿದಿದ್ದರೆ ಪಾಠ ಅರ್ಧವಾಗುತ್ತಿತ್ತು. ಜನತಾ ಸರಕಾರ ಮೂರು ವರ್ಷ ಪೂರೈಸಲಿಲ್ಲ. ನಾಯಕರ ಒಳಜಗಳದಿಂದ 1979ರ ಜುಲೈಯಲ್ಲಿ ಮೊರಾರ್ಜಿ ದೇಸಾಯಿಯವರು ರಾಜೀನಾಮೆ ಕೊಟ್ಟರು. ಅವರ ನಂತರ ಬಂದ ಚರಣ ಸಿಂಗರು ಲೋಕಸಭೆಯನ್ನು ಎದುರಿಸದೆಯೇ ಆಗಸ್ಟಿನಲ್ಲಿ ಪದವಿ ಬಿಟ್ಟರು. ಬೆಲೆಗಳು ಏರಿದ್ದವು, ಈರುಳ್ಳಿಯ ಬೆಲೆ ಚುನಾವಣೆಯ ಭಾಷಣಗಳಿಗೆ ವಸ್ತುವಾಯಿತು. 1980ರ ಜನವರಿಯಲ್ಲಿ ಮತ್ತೆ ಮತದಾನ ನಡೆದಾಗ ಶೇಕಡ 60ನ್ನು ದಾಟಿದ್ದ ಪ್ರಮಾಣ 57ಕ್ಕೆ ಜಾರಿತು. ಉತ್ತರ ಪ್ರದೇಶ 56ರಿಂದ 50ರ ಆಸುಪಾಸಿಗೆ, ಬಿಹಾರ 61ರಿಂದ 52ಕ್ಕೆ ಇಳಿದವು. 1977ರಲ್ಲಿ ಅತಿ ಹೆಚ್ಚು ಏರಿದ್ದ ಕಡೆಯೇ ಈ ದೊಡ್ಡ ಇಳಿತವೂ ಕಂಡಿತು.

ಈ ಮೂರು ವರ್ಷಗಳಲ್ಲಿ ಮತದಾರರ ಪಟ್ಟಿಗೆ ಸುಮಾರು ಮೂರೂವರೆ ಕೋಟಿ ಹೆಸರುಗಳು ಸೇರಿದ್ದವು. ಮತ ಹಾಕಿದವರ ಸಂಖ್ಯೆ ಮಾತ್ರ ಒಂದು ಕೋಟಿಯೂ ಹೆಚ್ಚಲಿಲ್ಲ. 1977ರ ಪ್ರಮಾಣವೇ ಉಳಿದಿದ್ದರೆ ಇನ್ನೂ ಸುಮಾರು 1 ಕೋಟಿ 27 ಲಕ್ಷ ಜನ ಮತಗಟ್ಟೆಗೆ ಬರಬೇಕಾಗಿತ್ತು. 1977ರಲ್ಲಿ ಜನತಾ ಪಕ್ಷಕ್ಕೆ 7 ಕೋಟಿ 80 ಲಕ್ಷದಷ್ಟು ಮತಗಳು ಬಿದ್ದಿದ್ದವು. 1980ರಲ್ಲಿ ಅದರ ಎರಡು ಹೋಳುಗಳಿಗೂ ಸೇರಿ 5 ಕೋಟಿ 60 ಲಕ್ಷದ ಆಸುಪಾಸು. ಕೆಲವರು ಕಾಂಗ್ರೆಸ್ಸಿಗೆ ಮರಳಿದರು. ಕೆಲವರು ಯಾರಿಗೂ ಬೇಡವೆಂದು ಮನೆಯಲ್ಲಿಯೇ ಉಳಿದರು. ಇಂದಿರಾ ಗಾಂಧಿಯವರು 353 ಸ್ಥಾನಗಳೊಡನೆ ದೆಹಲಿಗೆ ಹಿಂದಿರುಗಿದರು. 1977ರಲ್ಲಿ ಬಂದವರು ಒಂದು ಸರಕಾರವನ್ನು ಕೆಳಗಿಳಿಸಿದಂತೆ, 1980ರಲ್ಲಿ ಬಾರದವರೂ ಇನ್ನೊಂದು ಸರಕಾರವನ್ನು ಏರಿಸುವುದರಲ್ಲಿ ತಮ್ಮ ಪಾಲನ್ನು ಸಲ್ಲಿಸಿದರು.

ಏರಿಕೆ ಆಳುವ ಪಕ್ಷಕ್ಕೇ ವರವಾದದ್ದನ್ನು ನೋಡಬೇಕಾದರೆ ಇನ್ನೊಂದು ಹೆಜ್ಜೆ ಮುಂದೆ ಹೋದರೆ ಸಾಕು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಮತದಾನ ಶೇಕಡ 64ರ ಸಮೀಪಕ್ಕೆ ಹೋಯಿತು. ಕಾಂಗ್ರೆಸ್ಸಿಗೆ 400ಕ್ಕೂ ಹೆಚ್ಚು ಸ್ಥಾನಗಳು ದೊರೆತವು. ಶೋಕವೂ ಕೋಪದಷ್ಟೇ ಬಲವಾಗಿ ಜನರನ್ನು ಮನೆಯಿಂದ ಹೊರಗೆ ತರಬಲ್ಲದು.

ಮೂವತ್ತು ವರ್ಷಗಳ ಬಳಿಕ 1977ರ ಲೆಕ್ಕವನ್ನೇ ಹೋಲುವ ಲೆಕ್ಕ ಮರಳಿ ಕಾಣಿಸಿತು. 2009ರಲ್ಲಿ ಶೇಕಡ 58ರಷ್ಟಿದ್ದ ಮತದಾನ 2014ರಲ್ಲಿ 66ಕ್ಕೆ ಏರಿತು. ಸೋತ ಕಾಂಗ್ರೆಸ್ಸು ಕಳೆದುಕೊಂಡದ್ದು ಸುಮಾರು 1 ಕೋಟಿ 20 ಲಕ್ಷ ಮತಗಳನ್ನು ಮಾತ್ರ. ಗೆದ್ದ ಭಾರತೀಯ ಜನತಾ ಪಕ್ಷದ ಮತಗಳಾದರೋ 9 ಕೋಟಿಗೂ ಹೆಚ್ಚು ಬೆಳೆದವು. 2019ರಲ್ಲಿ ಮತದಾನ ಇನ್ನೂ ಒಂದು ಮೆಟ್ಟಿಲು ಏರಿ 67ನ್ನು ದಾಟಿದಾಗ ಆಳುವ ಪಕ್ಷ ಮತ್ತಷ್ಟು ಬಲಗೊಂಡಿತು. 2024ರಲ್ಲಿ ಅದು ತುಸು ಇಳಿದಾಗ ಅದೇ ಪಕ್ಷ ಸ್ವಂತ ಬಹುಮತವನ್ನು ಕಳೆದುಕೊಂಡು ಮಿತ್ರಪಕ್ಷಗಳ ನೆರವಿನಿಂದ ಸರಕಾರ ರಚಿಸಿತು. ಮೊದಲು ಹೇಳಿದ ಸೂತ್ರಕ್ಕೆ ಇದು ನೇರ ವಿರುದ್ಧ.

ಪಟ್ಟಿ ಮತ್ತು ಮನುಷ್ಯ

ಶೇಕಡಾವಾರನ್ನು ಓದುವವರು ಮರೆಯಬಾರದ ಇನ್ನೊಂದು ಸಂಗತಿ ಮತದಾರರ ಪಟ್ಟಿ. ಮೊದಲ ಮಹಾಚುನಾವಣೆಯ ಕಾಲದಲ್ಲಿ ಅನೇಕ ಸ್ತ್ರೀಯರು ತಮ್ಮ ಹೆಸರು ಹೇಳಲೊಪ್ಪದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಇದಕ್ಕೆ ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಆ ನಿಷ್ಠುರತೆಯ ಫಲ ನಿಧಾನವಾಗಿ ದೊರೆಯಿತು. 2019ರಲ್ಲಿ ಸ್ತ್ರೀಯರ ಮತದಾನದ ಪ್ರಮಾಣ ಪುರುಷರದನ್ನು ಕೂದಲೆಳೆಯಷ್ಟು ಮೀರಿತು. ಇನ್ನೊಂದು ಕಡೆ, ಸತ್ತವರ ಹೆಸರು, ಊರು ಬಿಟ್ಟವರ ಹೆಸರು ಪಟ್ಟಿಯಲ್ಲಿ ಉಳಿದಷ್ಟೂ ಶೇಕಡಾವಾರು ಕಡಿಮೆಯಾಗಿ ಕಾಣುತ್ತದೆ. ಪಟ್ಟಿಯನ್ನು ಶುದ್ಧಿಗೊಳಿಸಿದರೆ ಒಬ್ಬನೂ ಹೆಚ್ಚಾಗಿ ಬಾರದೆಯೇ ಅದು ಏರುತ್ತದೆ. ಆದ್ದರಿಂದ ಏರಿಕೆಯನ್ನೆಲ್ಲ ಜನಮನದ ಅಲೆಯೆಂದು ತಿಳಿಯುವಂತಿಲ್ಲ.

ಆದರೂ ಪಟ್ಟಿಯ ದೋಷವೊಂದನ್ನೇ ಮುಂದೊಡ್ಡಿ ತಪ್ಪಿಸಿಕೊಳ್ಳಲಾಗದು. 2024ರ ಏಪ್ರಿಲ್ 26ರಂದು, ಒಂದೇ ದಿನ, ಮಂಡ್ಯ ಕ್ಷೇತ್ರದಲ್ಲಿ ನೂರಕ್ಕೆ 81ಕ್ಕೂ ಹೆಚ್ಚು ಮಂದಿ ಮತ ಹಾಕಿದರೆ, ನೂರು ಕಿಲೊಮೀಟರಿನಷ್ಟು ದೂರದ ಬೆಂಗಳೂರು ನಗರದ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ 55 ಮಂದಿಯೂ ಬರಲಿಲ್ಲ. ಇತ್ತ, ಒಬ್ಬಿಬ್ಬರ ಬರುವಿಕೆಯೇ ಫಲವನ್ನು ತೀರ್ಮಾನಿಸಿದ ನಿದರ್ಶನಗಳೂ ದಾಖಲೆಯಲ್ಲಿವೆ. 1989ರಲ್ಲಿ ಆಂಧ್ರದ ಅನಕಾಪಲ್ಲಿಯ ಲೋಕಸಭಾ ಸ್ಥಾನ 9 ಮತಗಳ ಅಂತರದಿಂದ ನಿರ್ಧಾರವಾಯಿತು. 2004ರಲ್ಲಿ ಕರ್ನಾಟಕದ ಸಂತೇಮರಹಳ್ಳಿಯ ವಿಧಾನಸಭಾ ಸ್ಥಾನವನ್ನು ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದಿಂದ.

ಮನೆಯಲ್ಲಿ ಉಳಿದವನು ತಾನು ಯಾರ ಪಕ್ಷವನ್ನೂ ವಹಿಸಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಲೆಕ್ಕ ಹಾಗೆ ಹೇಳುವುದಿಲ್ಲ. ಅವನು ಬಿಟ್ಟುಕೊಟ್ಟ ತೂಕ ಬಂದವರ ಕೈಗೆ ಸೇರುತ್ತದೆ. ನೂರರಲ್ಲಿ 55 ಜನ ಬಂದ ಕಡೆ ಬಂದವನೊಬ್ಬನು ಸುಮಾರು ಇಬ್ಬರ ಪರವಾಗಿ ಮಾತನಾಡಿದಂತಾಗುತ್ತದೆ. ಆ ಇನ್ನೊಬ್ಬನ ಇಷ್ಟವೇನೆಂದು ಅವನು ಕೇಳಬೇಕಾಗಿಲ್ಲ, ಕೇಳುವುದೂ ಇಲ್ಲ. 1977ರ ಮಾರ್ಚಿನಲ್ಲಿ ಉತ್ತರ ಪ್ರದೇಶ, ಬಿಹಾರಗಳ ಲಕ್ಷಾಂತರ ಬಡ ಮನೆಗಳ ಸ್ತ್ರೀಪುರುಷರು ಈ ಸತ್ಯವನ್ನು ಯಾವ ಅಂಕಿಅಂಶದ ನೆರವೂ ಇಲ್ಲದೆ ಅರಿತುಕೊಂಡಿದ್ದರು. ಮೂರು ವರ್ಷ ತುಂಬುವುದರೊಳಗೆ ಅವರಲ್ಲಿ ಅನೇಕರು ನಿರಾಶರಾಗಿ ಮನೆಗೆ ಮರಳಿದ್ದೂ ಅಷ್ಟೇ ನಿಜ. ಆದ್ದರಿಂದ ಮುಂದಿನ ಚುನಾವಣೆಯ ಸಂಜೆ “ಶೇಕಡ ಎಷ್ಟಾಯಿತು?” ಎಂದು ಕೇಳುವವರು ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನೂ ಕೇಳುವುದು ಒಳ್ಳೆಯದು: ಈ ಸಲ ಹೊಸದಾಗಿ ಬಂದವರು ಯಾರು? ಕಳೆದ ಸಲ ಬಂದು ಈ ಸಲ ಬಾರದೆ ಉಳಿದವರು ಯಾರು? ದೆಹಲಿಯ ಗದ್ದುಗೆಯ ಗುಟ್ಟು ಬಹುಮಟ್ಟಿಗೆ ಆ ಎರಡು ಉತ್ತರಗಳ ನಡುವೆ ಇರುತ್ತದೆ.